ಬ್ಲೇಡಿನ ನಟ್ಟು ಉಲ್ಟಾ ಇರುತ್ತೆ: ಕಳೆ ಹೊಡೆಯೋ ಮಷಿನ್ ರಿಪೇರಿ ಮಾಡಿದ ಒಂದು ತಿಂಗಳ ಲೆಕ್ಕ

ಕಳೆದ ನವೆಂಬರ್‌ನಲ್ಲಿ ಕೊಯ್ಲಿಗೆ ಮುಂಚೆ ತೋಟ ಸವರಿ ಮುಗಿಸಿದವನು ಮಷಿನ್ನನ್ನ ಹಂಗೇ ತಗೊಂಡು ಹೋಗಿ ಕೊಟ್ಟಿಗೆ ಮೂಲೇಲಿ ಇಟ್ಟಿದ್ದೆ, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಸಮೇತ, ಬ್ಲೇಡಿಗೆ ಸುತ್ತಿಕೊಂಡ ಹುಲ್ಲೂ ಕಿತ್ತಿರಲಿಲ್ಲ. ಈ ಜುಲೈ ಕೊನೆಗೆ ಮಳೆ ಸ್ವಲ್ಪ ಬಿಟ್ಟಿತು ಅಂತ ತೆಗೆದು ಹಗ್ಗ ಎಳೆದ್ರೆ ಸ್ಟಾರ್ಟೇ ಇಲ್ಲ. ಅಲ್ಲಿಂದ ಶುರುವಾಗಿದ್ದು ಚೌತಿ ಹತ್ರ ಬರೋವರೆಗೂ ಹೋಯ್ತು. ನಮ್ಮದು ಸಾಗರ ತಾಲ್ಲೂಕು, ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ, ಅದರ ಮೇಲೊಂದು ಧರೆ (ಕಡಿದಾದ ಮಣ್ಣಿನ ದಿಬ್ಬ), ಧರೆ ಮೇಲೆ ಸ್ವಲ್ಪ ಬ್ಯಾಣ, ಅಂದ್ರೆ ಹುಲ್ಲುಗಾವಲು. ಮಷಿನ್ನು (ಬ್ರಷ್ ಕಟ್ಟರ್ ಅಂತಾರಲ್ಲ, ಅದು) 43 ಸಿಸಿ ಟೂ ಸ್ಟ್ರೋಕ್, ಚೀನಾ ಮಾಲು, ನಾಲ್ಕು ವರ್ಷದ ಹಿಂದೆ ತಗೊಂಡಿದ್ದು. ಕೆಳಗೆ 255 ಎಂಎಂ ಬ್ಲೇಡು, ಮೂರು ಹಲ್ಲಿಂದು.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಇದರಲ್ಲಿ ಅರ್ಧ ಖರ್ಚು ನಾನೇ ಹಾಳು ಮಾಡಿದ್ದಕ್ಕೆ ಆಗಿದ್ದು. ಇನ್ನೊಂದು, ನಾಲ್ಕು ವರ್ಷ ಇಂಜಿನ್ನಿಗೆ ಮಾಡಿದ ಉಪಚಾರದಲ್ಲಿ ಕಾಲು ಭಾಗನೂ ಕೆಳಗಿನ ತುದಿಗೆ ಮಾಡಿರಲಿಲ್ಲ, ಕಾಲು ಕಡಿಯೋದು ಮಾತ್ರ ಆ ತುದೀನೇ.

ಜುಲೈ 27, ಭಾನುವಾರ. ಸ್ಟಾರ್ಟ್ ಇಲ್ಲ

ಟ್ಯಾಂಕ್ ಮುಚ್ಚಳ ಬಿಚ್ಚಿದ್ರೆ ಪೆಟ್ರೋಲ್ ವಾಸನೆನೇ ಅಲ್ಲ, ಹಳೇ ವಾರ್ನಿಷ್ ಡಬ್ಬಿ ತೆಗೆದಂಗೆ. ಎಂಟು ತಿಂಗಳು ಇದ್ದಿದ್ದು. ಈಗ ಬಂಕಲ್ಲಿ ಸಿಗೋದು ಶೇ 20 ಎಥೆನಾಲ್ ಸೇರಿಸಿದ ಪೆಟ್ರೋಲು, ಎಥೆನಾಲ್ ಗಾಳೀಲಿರೋ ನೀರು ಎಳ್ಕೊಳ್ಳುತ್ತೆ, ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಮೇಲೂ ನೀರು ಇರುತ್ತೆ, ಕೇಳಬೇಕಾ. ಒಂದು ಬಾಟಲಿಗೆ ಬಗ್ಗಿಸಿ ಅರ್ಧ ಗಂಟೆ ಬಿಟ್ಟು ನೋಡಿದ್ರೆ ತಳದಲ್ಲಿ ಬೇರೆ ಪದರ ನಿಂತಿತ್ತು. ಟ್ಯಾಂಕೊಳಗಿನ ಸಣ್ಣ ಪೈಪು ಬೆರಳಲ್ಲಿ ಹಿಡಿದ್ರೆ ಬೆಲ್ಲದ ಪಾಕದ ಥರ ಅಂಟಿ ತುಂಡಾಗಿ ಬಂತು.

ಕಾರ್ಬೊರೇಟರ್ ಬಿಚ್ಚಿದೆ. ಏರ್ ಫಿಲ್ಟರ್ ಡಬ್ಬಿ ತೆಗೆದ್ರೆ ಎರಡೇ ಬೋಲ್ಟು, ಕಷ್ಟ ಇಲ್ಲ. ಮುಚ್ಚಳ ತೆಗೆದ್ರೆ ಒಳಗೆ ಕಾಸಿನಗಲದ ಒಂದು ಜಾಲರಿ, ಅದರ ಮೇಲೆ ಕಂದು ಬಣ್ಣದ ಗೋಂದು. ಡಯಾಫ್ರಾಮ್ ಅನ್ನೋ ತೆಳು ಪೊರೆ ಒಣಗಿದ ಹಪ್ಪಳದ ಥರ ಗಟ್ಟಿ, ಬೆರಳಲ್ಲಿ ಒತ್ತಿದ್ರೆ ಟಕ್ ಟಕ್ ಅನ್ನುತ್ತೆ, ಅದು ಮೆತ್ತಗೆ ಇರಬೇಕು.

ಇಲ್ಲಿ ಮೊದಲನೇ ತಪ್ಪು. 220 ರೂಪಾಯಿ ಕೊಟ್ಟು ಕ್ಲೀನರ್ ಸ್ಪ್ರೇ ತಂದಿದ್ದೆ, ಅದು ಹೊಡೆದು ಅರ್ಧ ಗಂಟೆ ಬಿಟ್ಟಿದ್ರೆ ಮುಗೀತಿತ್ತು, ತಾಳ್ಮೆ ಇಲ್ಲದೆ ಸೇಫ್ಟಿ ಪಿನ್ ತಗೊಂಡು ಪೆಟ್ರೋಲ್ ಹೋಗೋ ಸಣ್ಣ ಜೆಟ್ ತೂತಿಗೆ ಚುಚ್ಚಿದೆ. ತೂತು ಕ್ಲೀನ್ ಆಯ್ತು, ಅದರ ಜೊತೆ ದೊಡ್ಡದೂ ಆಯ್ತು. ಜೋಡಿಸಿ ಸ್ಟಾರ್ಟ್ ಮಾಡಿದ್ರೆ ಬುರ್ ಅಂತ ಹೊಗೆ, ಪ್ಲಗ್ ಪೂರ್ತಿ ಒದ್ದೆ, ಎರಡು ನಿಮಿಷಕ್ಕೆ ಬಂದ್. ಕೊನೆಗೆ ಸಾಗರಕ್ಕೆ ಹೋಗಿ ಹೊಸ ಕಾರ್ಬೊರೇಟರ್ರೇ ತಂದೆ, 480 ರೂ. ಪೈಪು, ಫಿಲ್ಟರ್ ಸೇರಿ 90.

ಪೈಪ್ ಹಾಕೋವಾಗ ಇನ್ನೊಂದು. ಟ್ಯಾಂಕಿಂದ ಎರಡು ಪೈಪು ಮೇಲೆ ಬರುತ್ತೆ, ತುದೀಲಿ ಫಿಲ್ಟರ್ ಇರೋದು ಕಾರ್ಬೊರೇಟರ್ ಒಳಗೆ ಹೋಗೋದು, ಇನ್ನೊಂದು ಗುಳ್ಳೆಯಿಂದ (ಪೆಟ್ರೋಲ್ ಎಳೆಯೋಕೆ ಬೆರಳಲ್ಲಿ ಒತ್ತೋದು) ವಾಪಸ್ ಟ್ಯಾಂಕಿಗೆ ಬರೋದು. ನಾನು ಅದಲು ಬದಲು ಹಾಕಿ ಗುಳ್ಳೆ ಒತ್ತಿದ್ದೇ ಒತ್ತಿದ್ದು, ಟ್ಯಾಂಕಲ್ಲಿ ಗುಳುಗುಳು ಅಂತ ಗಾಳಿ ಬರುತ್ತೆ ಹೊರತು ಗುಳ್ಳೆಗೆ ಪೆಟ್ರೋಲ್ ಹತ್ತಲ್ಲ. ಹೊಸ ಕಾರ್ಬೊರೇಟರ್ರೂ ಹಾಳು ಕೊಟ್ಟಿದಾನೆ ಅಂತ ಅಂಗಡಿಯವನಿಗೆ ಫೋನ್ ಮಾಡಿ ಜೋರು ಮಾಡಿದೆ, ಆಮೇಲೆ ಫೋಟೋ ಕಳಿಸಿದಾಗ ಅವನೇ ಹೇಳಿದ್ದು. ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡಿದ್ರೆ ಆಗ್ತಿತ್ತು.

ಪ್ಲಗ್ಗೂ ಹೊಸದು ಹಾಕಿದೆ, ಎನ್‌ಜಿಕೆ ಬಿಪಿಎಂಆರ್7ಎ, 140 ರೂ. 19 ಎಂಎಂ ಪಾನಾ ಬೇಕು, ಗ್ಯಾಪ್ 0.6ರಿಂದ 0.7 ಎಂಎಂ.

ಎಣ್ಣೆ ಮಿಕ್ಸ್ ಬಗ್ಗೆ: ನಮ್ಮ ಮಷಿನ್ ಮೇಲೆ 25:1 ಅಂತ ಬರೆದಿದೆ, ಅಂದ್ರೆ ಒಂದು ಲೀಟರಿಗೆ 40 ಎಂಎಲ್ ಟೂ ಸ್ಟ್ರೋಕ್ ಆಯಿಲ್. 50:1 ಅಂತ ಬರೆದ ಮಷಿನ್ನಿಗೆ 20 ಎಂಎಲ್ ಸಾಕು. ನಾನು ಇಷ್ಟು ವರ್ಷ ಆಯಿಲ್ ಬಾಟಲಿ ಮುಚ್ಚಳದಲ್ಲಿ ಎರಡು ಮುಚ್ಚಳ ಅಂತ ಲೆಕ್ಕ ಇಟ್ಟಿದ್ದೆ, ಮಧ್ಯೆ ಬೇರೆ ಕಂಪನಿ ಬಾಟಲಿ ತಂದಾಗ ಮುಚ್ಚಳ ಸಣ್ಣದಾಗಿದ್ದು ಗಮನಿಸಿರಲೇ ಇಲ್ಲ. ಈಗ ಮೆಡಿಕಲ್ ಶಾಪಿಂದ ಸೂಜಿ ಇಲ್ಲದ ದೊಡ್ಡ ಸಿರಿಂಜ್ ತಂದು ಇಟ್ಕೊಂಡಿದೀನಿ. ಟ್ಯಾಂಕಲ್ಲೇ ಮಿಕ್ಸ್ ಮಾಡಬೇಡಿ, ಬೇರೆ ಕ್ಯಾನಲ್ಲಿ ಕುಲುಕಿ ಆಮೇಲೆ ಹಾಕಿ.

ಆಗಸ್ಟ್ 2. ಸ್ಟಾರ್ಟ್ ಆಯ್ತು, ಬ್ಲೇಡ್ ನಿಲ್ಲಲ್ಲ

ಮೂರನೇ ಎಳೆತಕ್ಕೆ ಸ್ಟಾರ್ಟ್. ಖುಷೀಲಿ ತೋಟಕ್ಕೆ ಹೋಗಿ ಅರ್ಧ ಗಂಟೆ ಹೊಡೆದೆ. ಒಂದು ಕಡೆ ಅಡ್ಡ ಬಿದ್ದ ಸೋಗೆ ಎಳೆದು ಹಾಕೋಣ ಅಂತ ಮಷಿನ್ ಚಾಲೂ ಇರೋ ಹಂಗೇ ಕೆಳಗೆ ಇಟ್ಟೆ. ಆಕ್ಸಿಲರೇಟರ್ ಬಿಟ್ಟಿದೀನಲ್ಲ ಅಂತ ಧೈರ್ಯ. ತಿರುಗಿ ನೋಡಿದ್ರೆ ಬ್ಲೇಡು ನಿಧಾನಕ್ಕೆ ತಿರುಗ್ತಾ, ನೆಲದ ಹುಲ್ಲು ಹಿಡ್ಕೊಂಡು ಮಷಿನ್ನನ್ನೇ ಎಳ್ಕೊಂಡು ನನ್ನ ಕಾಲ ಕಡೆ ಬರ್ತಿದೆ. ಉಟ್ಟಿದ್ದು ಪಂಚೆ. ಪಂಚೆ ಅಂಚು ಹಸಿ ಹುಲ್ಲಿನ ಮೇಲೆ, ಬ್ಲೇಡಿಗೂ ಅದಕ್ಕೂ ಗೇಣು ದೂರ ಇತ್ತೋ ಇಲ್ವೋ. ಅವತ್ತಿಂದ ಪಂಚೆ, ಬರ್ಮುಡಾ ಯಾವುದೂ ಇಲ್ಲ, ದಪ್ಪ ಪ್ಯಾಂಟು. ಕೆಳಗೆ ಇಡೋದಾದ್ರೆ ಸ್ವಿಚ್ ಆಫ್ ಮಾಡಿ ಬ್ಲೇಡ್ ಪೂರ್ತಿ ನಿಂತಮೇಲೆನೇ.

ಬ್ಲೇಡ್ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಬಿಟ್ಟಾಗಲೂ, ತಿರುಗೋಕೆ ಎರಡು ಕಾರಣ. ಒಂದು ಐಡಲ್ ಜಾಸ್ತಿ ಇರೋದು, ಅದಕ್ಕೆ ಕಾರ್ಬೊರೇಟರ್ ಪಕ್ಕದ ಐಡಲ್ ಸ್ಕ್ರೂ ಎಡಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸೋದು. ನಾನು ತಿರುಗಿಸ್ತಾ ತಿರುಗಿಸ್ತಾ ಇಂಜಿನ್ ಆಫ್ ಆಗೋವರೆಗೂ ಬಂತು, ಬ್ಲೇಡು ಆಗಲೂ ತಿರುಗ್ತಾನೇ ಇತ್ತು. ಅಂದ್ರೆ ಎರಡನೇ ಕಾರಣ, ಕ್ಲಚ್. ಇಂಜಿನ್ನಿಗೂ ಪೈಪಿಗೂ ಮಧ್ಯೆ ಇರೋ ಬೋಲ್ಟ್ ಬಿಚ್ಚಿ ಎರಡು ಭಾಗ ಮಾಡಿದ್ರೆ ಒಳಗೆ ಎರಡು ಶೂ, ಅವನ್ನ ಹಿಡಿದಿರೋ ಸ್ಪ್ರಿಂಗು. ಸ್ಪ್ರಿಂಗಿನ ಕೊಕ್ಕೆ ಮುರಿದು ಶೂ ಯಾವಾಗಲೂ ಡ್ರಮ್ಮಿಗೆ ತಾಗ್ಕೊಂಡೇ ಇತ್ತು. ಬರೀ ಸ್ಪ್ರಿಂಗ್ ಸಿಗಲಿಲ್ಲ, ಕ್ಲಚ್ ಸೆಟ್ 260 ರೂ. ಹಾಕೋಕೆ ಹತ್ತು ನಿಮಿಷ.

ಆಗಸ್ಟ್ 3, ಭಾನುವಾರ. ಉಲ್ಟಾ ನಟ್ಟು

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ಬ್ಲೇಡ್ ಮೊಂಡಾಗಿತ್ತು, ಬಿಚ್ಚಿ ಅರ ಹಾಕೋಣ ಅಂತ. ಇಷ್ಟು ವರ್ಷ ಬ್ಲೇಡ್ ಬಿಚ್ಚೋ ಕೆಲಸ ಕಳೆ ಹೊಡೆಯೋಕೆ ಬರ್ತಿದ್ದ ಹುಡುಗ ಮಾಡ್ತಿದ್ದ, ನಾನು ನೋಡಿದ್ದೇ ಇಲ್ಲ. ಗೇರ್ ಬಾಕ್ಸ್ ಪಕ್ಕದಲ್ಲಿ ಒಂದು ತೂತು ಇದೆ, ಬ್ಲೇಡ್ ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಒಳಗಿನ ವಾಷರಿನ ತೂತು ಇದಕ್ಕೆ ಸರಿ ಬರುತ್ತೆ, ಅಲ್ಲಿಗೆ ಅಲೆನ್ ಕೀ ಹಾಕಿದ್ರೆ ಲಾಕು. ಅಲ್ಲೀವರೆಗೆ ಸರಿ ಮಾಡಿದೆ. ಆಮೇಲೆ ಎಲ್ಲಾ ನಟ್ ಬಿಚ್ಚೋ ಹಂಗೆ ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ತುಕ್ಕು ಹಿಡಿದಿದೆ ಅಂದ್ಕೊಂಡು ಎಣ್ಣೆ ಬಿಟ್ಟೆ. ಬರಲಿಲ್ಲ. ಪಾನಾಕ್ಕೆ ಎರಡಡಿ ಜಿಐ ಪೈಪ್ ಸಿಕ್ಕಿಸಿ ಕಾಲಲ್ಲಿ ಪೈಪ್ ತುಳಿದೆ. ಒಂದು ಸಲ ಟಕ್ ಅಂತು, ಆಹಾ ಬಂತು ಅಂದ್ಕೊಂಡೆ. ಬಂದಿದ್ದು ನಟ್ಟಲ್ಲ, ಥ್ರೆಡ್ಡು. ಅಲೆನ್ ಕೀ ಕುಡುಗೋಲಿನ ಥರ ಬಗ್ಗಿತ್ತು. ಕಬ್ಬಿಣದ ಸುರುಳಿ ಒಂದು ನಟ್ಟಿನ ಸಂದಿಯಿಂದ ತೆಳ್ಳಗೆ ಹೊರಗೆ ಬಂದಿತ್ತು, ಪೆನ್ಸಿಲ್ ಕೆತ್ತಿದಾಗ ಬರುತ್ತಲ್ಲ ಹಂಗೆ.

ಅಪ್ಪಯ್ಯ ಜಗಲಿ ಮೇಲಿಂದ "ಉಲ್ಟಾ ತಿರುಗಿಸ್ತಿದೀಯೇನೋ" ಅಂದ್ರು. ಅವರಿಗೆ ಮಷಿನ್ ಬಗ್ಗೆ ಗೊತ್ತಿಲ್ಲ, ಹಳೇ ಸೈಕಲ್ಲಿನ ಎಡಗಡೆ ಪೆಡಲ್ ನೆನಪಲ್ಲಿ ಹೇಳಿದ್ದು. ಅದೇ ಸತ್ಯ. ಈ ಬ್ಲೇಡು ನಾವು ಮೇಲಿಂದ ನೋಡಿದ್ರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗೋದು, ಹೊಡೀತಾ ಹೊಡೀತಾ ನಟ್ಟು ಸಡಿಲ ಆಗಬಾರದು ಅಂತ ಎಡಗೈ ಥ್ರೆಡ್ ಕೊಟ್ಟಿರ್ತಾರೆ. ಬ್ಲೇಡ್ ನಮ್ಮ ಮುಖಕ್ಕೆ ಬರೋ ಹಂಗೆ ಮಷಿನ್ ಮಲಗಿಸಿ, ಗಡಿಯಾರದ ಮುಳ್ಳು ಹೋಗೋ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ, ಎಡಕ್ಕೆ ತಿರುಗಿಸಿದ್ರೆ ಟೈಟು.

ಸ್ಪಿಂಡಲ್ ಥ್ರೆಡ್ ಹೋದಮೇಲೆ ಗೇರ್ ಬಾಕ್ಸೇ ಹೊಸದು. ಸಾಗರಕ್ಕೆ ಮತ್ತೆ ಓಡಿದೆ, ಅಂಗಡಿಯವನು "ಎಷ್ಟು ಎಂಎಂ ಪೈಪು" ಅಂದ, ಗೊತ್ತಿಲ್ಲ, ಮಾಮೂಲಿದು ಕೊಡಿ ಅಂದೆ. ಮನೆಗೆ ತಂದು ನೋಡಿದ್ರೆ ಅದು 26 ಎಂಎಂದು, ನಮ್ಮ ಪೈಪು 28. ಎರಡು ಎಂಎಂ ತಾನೇ, ಅರ ಹಾಕಿ ಕೂರಿಸೋಣ ಅಂತ ಐದು ನಿಮಿಷ ಯೋಚನೆ ಕೂಡ ಮಾಡಿದೆ, ದೇವರ ದಯೆ ಮಾಡಲಿಲ್ಲ. ಮಾರನೇ ದಿನ ಹಳೇ ಗೇರ್ ಬಾಕ್ಸ್ ಕೈಯಲ್ಲಿ ಹಿಡ್ಕೊಂಡೇ ಹೋಗಿ ಬದಲಾಯಿಸಿಕೊಂಡು ಬಂದೆ. ಪೈಪಿನ ದಪ್ಪ, ಒಳಗಿನ ರಾಡಿನ ತುದೀಲಿ ಹಲ್ಲು ಎಷ್ಟು (ನಮ್ಮದಕ್ಕೆ 9), ಎರಡೂ ನೋಡ್ಕೊಂಡು ಹೋಗಿ. ಗೇರ್ ಬಾಕ್ಸ್ 950, ನಟ್ಟು ವಾಷರ್ ಕಪ್ ಸೆಟ್ 120.

ಹೊಸ ಗೇರ್ ಬಾಕ್ಸ್ ಮೇಲೆ ತಂಗಿಯ ಕೆಂಪು ನೈಲ್ ಪಾಲಿಶಲ್ಲಿ ಬಾಣದ ಗುರುತು ಬರೆದು "ಬಿಚ್ಚು" ಅಂತ ಬರೆದಿದೀನಿ. ನಗೋರು ನಗಲಿ.

ಆಗಸ್ಟ್ 5. ಜೋಡಣೆ, ಗ್ರೀಸು

ಜೋಡಿಸೋ ಕ್ರಮ: ಮೇಲಿನ ದಪ್ಪ ವಾಷರ್, ಬ್ಲೇಡು, ಕೆಳಗಿನ ವಾಷರ್, ಕಪ್, ನಟ್ಟು. ಮೇಲಿನ ವಾಷರಲ್ಲಿ ದುಂಡಗೆ ಒಂದು ಏಣು ಇರುತ್ತೆ, ಬ್ಲೇಡಿನ ನಡು ತೂತು 25.4 ಎಂಎಂ, ಅದು ಆ ಏಣಿನ ಮೇಲೆ ಸರಿಯಾಗಿ ಕೂರಬೇಕು. ನಾನು ಮೊದಲ ಸಲ ಟೈಟ್ ಮಾಡಿದಾಗ ಬ್ಲೇಡು ಏಣಿನ ಅಂಚಿನ ಮೇಲೆ ಹತ್ತಿ ಕೂತಿತ್ತು, ಕಣ್ಣಿಗೆ ಗೊತ್ತಾಗಲ್ಲ. ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ, ಕೈಯೆಲ್ಲಾ ಜುಮ್ ಅಂತು, ಹಲ್ಲೂ ಕಟಕಟ. ತಕ್ಷಣ ಆಫ್. ಈಗ ಟೈಟ್ ಮಾಡಿದಮೇಲೆ ಪ್ಲಗ್ ಕ್ಯಾಪ್ ತೆಗೆದಿಟ್ಟು, ಗ್ಲೌಸ್ ಹಾಕ್ಕೊಂಡು ಬ್ಲೇಡನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿ ಇಟ್ಟು ಎಲ್ಲಾ ಹಲ್ಲೂ ಕಡ್ಡಿಯಿಂದ ಒಂದೇ ದೂರದಲ್ಲಿ ಹೋಗುತ್ತಾ ನೋಡ್ತೀನಿ. ಬ್ಲೇಡ್ ಮುಟ್ಟೋ ಯಾವ ಕೆಲಸ ಇದ್ರೂ ಪ್ಲಗ್ ಕ್ಯಾಪ್ ಮೊದಲು ತೆಗೀಬೇಕು, ಇದರಲ್ಲಿ ಚರ್ಚೆ ಇಲ್ಲ.

ಗ್ರೀಸ್: ಗೇರ್ ಬಾಕ್ಸ್ ಪಕ್ಕದಲ್ಲಿ ಒಂದು ಸಣ್ಣ ಬೋಲ್ಟು, ಅದನ್ನ ತೆಗೆದು ಲಿಥಿಯಂ ಗ್ರೀಸ್ ಹಾಕೋದು. ಜಾಸ್ತಿ ಹಾಕಿದ್ರೆ ಒಳ್ಳೇದು ಅಂತ ಹೊರಗೆ ಉಕ್ಕೋವರೆಗೂ ತುಂಬಿದೆ. ಇಪ್ಪತ್ತು ನಿಮಿಷ ಹೊಡೆದಮೇಲೆ ಕೈ ಇಡೋಕಾಗದಷ್ಟು ಬಿಸಿ, ಸೀಲ್ ಪಕ್ಕದಿಂದ ಗ್ರೀಸು ಕರಗಿ ಬ್ಲೇಡ್ ಮೇಲೆಲ್ಲಾ. ಒಳಗೆ ಸ್ವಲ್ಪ ಜಾಗ ಖಾಲಿ ಬಿಡಬೇಕು. ಅರ್ಧ ತೆಗೆದು ಹಾಕಿದಮೇಲೆ ಸರಿಯಾಯ್ತು. ಈಗ ಇಪ್ಪತ್ತು ಇಪ್ಪತ್ತೈದು ಗಂಟೆ ಕೆಲಸಕ್ಕೆ ಒಂದು ಸಲ ಬೋಲ್ಟ್ ತೆಗೆದು ನೋಡೋದು, ಬೇಕಾದ್ರೆ ಹಾಕೋದು.

ಆಗಸ್ಟ್ 9. ಹಂಡೆ

ಬ್ಲೇಡಿಗೂ ನಮಗೂ ಮಧ್ಯೆ ಅಡ್ಡ ಇರೋ ಗಾರ್ಡ್ ಬಗ್ಗೆ ಇಷ್ಟು ಹೊತ್ತು ಏನೂ ಹೇಳಿಲ್ಲ, ಯಾಕಂದ್ರೆ ನನ್ನ ಮಷಿನ್ನಲ್ಲಿ ಗಾರ್ಡೇ ಇರಲಿಲ್ಲ. ಎರಡು ವರ್ಷದ ಹಿಂದೆ ಹುಲ್ಲು ಸಿಕ್ಕಿಹಾಕಿಕೊಳ್ಳುತ್ತೆ, ಬಗ್ಗಿ ತೆಗೆಯೋದು ರಗಳೆ ಅಂತ ಕಿತ್ತು ಬಿಸಾಕಿದ್ದೆ. ನಮ್ಮೂರಲ್ಲಿ ಹತ್ತು ಮಷಿನ್ ಇದ್ರೆ ಏಳಕ್ಕೆ ಗಾರ್ಡ್ ಇಲ್ಲ, ನೋಡಿ ಬೇಕಾದ್ರೆ ನಿಮ್ಮೂರಲ್ಲೂ.

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ. ಬಚ್ಚಲ ಹಿಂದಿನ ಧರೆ ಅಂಚು ಹೊಡೀತಿದ್ದೆ. ಅಲ್ಲಿ ಹಳೇ ಪಾಗಾರದ ಜಂಬಿಟ್ಟಿಗೆ ಚೂರುಗಳು ಹುಲ್ಲಲ್ಲಿ ಹುಗಿದುಕೊಂಡಿದ್ವು, ನನಗೆ ಗೊತ್ತಿತ್ತು, ಆದ್ರೂ ಬ್ಲೇಡಲ್ಲೇ ಹೋದೆ. ಟಣ್ ಅಂತ ಒಂದು ಸದ್ದು ಬ್ಲೇಡಲ್ಲಿ, ಅದರ ಹಿಂದೆನೇ ಢಣ್ ಅಂತ ಇನ್ನೊಂದು ಸದ್ದು ದೂರದಲ್ಲಿ. ಮಷಿನ್ ಆಫ್ ಮಾಡಿ ಹೋಗಿ ನೋಡಿದ್ರೆ ಅಂಗಳದಲ್ಲಿ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ ಕವಚಿಟ್ಟಿದ್ದ ತಾಮ್ರದ ಹಂಡೆ, ಅದರ ಹೊಟ್ಟೇಲಿ ಹೆಬ್ಬೆರಳು ಕೂರುವಷ್ಟು ಗುಣಿ, ಗುಣಿ ನಡುವೆ ಕೆಂಪು ಮಣ್ಣಿನ ಪುಡಿ ಇನ್ನೂ ಅಂಟಿತ್ತು. ಕಲ್ಲು ಅಡಿಕೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಟೇಪ್ ಹಿಡಿದು ಅಳೆದೆ, 22 ಮೀಟರ್. ಮಷಿನ್ ಜೊತೆ ಬರೋ ಪುಸ್ತಕದಲ್ಲಿ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಬರೆದಿರ್ತಾರೆ, ನನಗೆ ಅದೂ ಜಾಸ್ತಿ ಅನ್ನಿಸ್ತಿತ್ತು. ಎರಡು ನಿಮಿಷದ ಹಿಂದೆ ಅಪ್ಪಯ್ಯ ಅದೇ ಹಂಡೆ ಪಕ್ಕ ನಿಂತು ಎಲೆ ಅಡಿಕೆ ಉಗುಳಿ ಒಳಗೆ ಹೋಗಿದ್ರು.

ಅವತ್ತು ಕೆಲಸ ಬಂದ್. ಸಂಜೆ ಹೋಗಿ ಗಾರ್ಡ್ ತಂದೆ, 240 ರೂ, ಪೈಪಿಗೆ ಕ್ಲಾಂಪ್ ಕೂರಿಸಿ ಬೋಲ್ಟ್ ಹಾಕೋದು. ತಗೊಳ್ಳೋವಾಗ ನೋಡಿ, ಬ್ಲೇಡಿನ ಬದಲು ಹಾಕೋ ನೈಲಾನ್ ದಾರಕ್ಕೆ ಬರೋ ಗಾರ್ಡ್ ಬೇರೆ, ಬ್ಲೇಡಿಗೆ ಬೇರೆ. ದಾರದ ಗಾರ್ಡಿನ ತುದೀಲಿ ದಾರ ಕತ್ತರಿಸೋ ಸಣ್ಣ ಚಾಕು ಇರುತ್ತೆ.

ಅದರ ಜೊತೆ ಬಲೆ ಮುಖವಾಡ ಇರೋ ಹೆಲ್ಮೆಟ್ 680, ಗಮ್ ಬೂಟ್ 420, ಕನ್ನಡಕ 120. ಬಲೆ ಒಂದೇ ಸಾಲಲ್ಲ, ಸಣ್ಣ ಚೂರು, ಮಣ್ಣು ಬಲೆ ದಾಟಿ ಕಣ್ಣಿಗೆ ಬರುತ್ತೆ, ಅದಕ್ಕೆ ಒಳಗೆ ಕನ್ನಡಕನೂ ಹಾಕ್ತೀನಿ. ಬೆವರಿಗೆ ಮಂಜು ಕೂರುತ್ತೆ, ಒಪ್ತೀನಿ, ನಿಂತು ಒರೆಸಿಕೊಳ್ಳೋದು. ಮೊಣಕಾಲಿಂದ ಕೆಳಗೆ ಮೊದಲು ನನ್ನ ಕಾಲೇಜಿನ ಕ್ರಿಕೆಟ್ ಪ್ಯಾಡ್ ಕಟ್ಟಿ ನೋಡಿದೆ. ಪೆಟ್ಟು ತಡೆಯುತ್ತೆ, ಆದ್ರೆ ಅರ್ಧ ದಿನಕ್ಕೆ ನೀರು ಕುಡಿದು ಒಂದೊಂದು ಕಾಲಿಗೆ ಒಂದೊಂದು ಸೇರು ಭಾರ. ಬೇಸಿಗೇಲಿ ಆಗಬಹುದು.

ಆಗಸ್ಟ್ 10. ಬಿರುಕು

ಆ ಕಲ್ಲು ಹೊಡೆದ ಬ್ಲೇಡನ್ನ ಬಿಚ್ಚಿ (ಈ ಸಲ ಸರಿಯಾದ ಕಡೆಗೆ) ಸೋಪು ನೀರಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದೆ. ಒಂದು ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಗೆರೆ, ಕಿರುಬೆರಳಿನ ಉಗುರಿನಷ್ಟು ಉದ್ದ, ಗೆರೆ ಒಳಗೆ ತುಕ್ಕು. ತುಕ್ಕಿದೆ ಅಂದ್ರೆ ನಿನ್ನೆ ಆಗಿದ್ದಲ್ಲ, ಕಳೆದ ವರ್ಷದಿಂದ ಇದೇ ಬ್ಲೇಡಲ್ಲಿ ಹೊಡೀತಿದೀನಿ. ನಡು ತೂತಿಗೆ ದಾರ ಕಟ್ಟಿ ನೇತುಹಾಕಿ ಸ್ಪ್ಯಾನರಲ್ಲಿ ತಟ್ಟಿದೆ, ಡಪ್ ಅಂತು. ಹೊಸ ಬ್ಲೇಡ್ ತಟ್ಟಿದ್ರೆ ದೇವರ ಮನೆ ಗಂಟೆ ಥರ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತೆ.

ಬಿರುಕು ಶುರುವಾಗಿದ್ದು ಎಲ್ಲಿ ಅಂದ್ರೆ, ಹೋದ ವರ್ಷ ನಾನೇ ಗ್ರೈಂಡರ್ ಹಿಡಿದು ಅರ ಮಾಡಿದ್ದೆ, ಹಲ್ಲಿನ ಬುಡ ದುಂಡಗೆ ಇದ್ದಿದ್ದನ್ನ ಚೆನ್ನಾಗಿ ಕಾಣಲಿ ಅಂತ ಚೂಪು ಮೂಲೆ ಮಾಡಿದ್ದೆ. ಸರಿಯಾಗಿ ಆ ಮೂಲೆಯಿಂದನೇ ಗೆರೆ ಹೊರಟಿದೆ. ಗ್ರೈಂಡರ್ ಬಿಸಿಗೆ ಹಲ್ಲಿನ ತುದಿ ನೀಲಿ ತಿರುಗಿತ್ತು, ಆಮೇಲೆ ಅದು ಒಂದು ಗಂಟೆಗೇ ಮೊಂಡಾಗ್ತಿತ್ತು, ಬ್ಲೇಡ್ ಕಳಪೆ ಅಂತ ಬೈಕೊಂಡಿದ್ದೆ.

ವೆಲ್ಡಿಂಗ್ ಮಾಡಿಸೋಣ ಅಂತ ತಗೊಂಡೂ ಹೋಗಿದ್ದೆ. ವೆಲ್ಡಿಂಗಿನವರು ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ರು. "ಗೇಟು ಬೆಸೀತೀನಿ, ನೇಗಿಲು ಬೆಸೀತೀನಿ, ಇದನ್ನ ಬೆಸೆಯಲ್ಲ ಮಾರಾಯ್ರೆ, ನಾಳೆ ಇದು ಹಾರಿ ಯಾರಿಗಾದ್ರೂ ಹೊಡೆದ್ರೆ ನನ್ನ ಹೆಸರು ಹೇಳ್ತೀರಿ." 260 ರೂಪಾಯಿ ಬ್ಲೇಡಿಗೆ ಇಷ್ಟು ಜುಗ್ಗತನ ಮಾಡಿದ್ದು ನಾನು. ಎರಡು ಹೊಸದು ತಂದೆ, 520. ಹಳೇದನ್ನ ಯಾರೂ ಎತ್ಕೊಂಡು ಹಾಕದೇ ಇರಲಿ ಅಂತ ಎರಡು ತುಂಡು ಮಾಡಿ ಗುಜರಿಗೆ.

ಈಗ ಅರ ಹಾಕೋದು ಹಿಂಗೆ: ಬ್ಲೇಡನ್ನ ವೈಸಿಗೆ ಕಚ್ಚಿಸಿ, ಚಪ್ಪಟೆ ಅರ, ಹಲ್ಲಿಗೆ ಮೊದಲು ಇದ್ದ ಓರೆ ಎಷ್ಟೋ ಅದೇ ಓರೆ, ಒಂದೊಂದು ಹಲ್ಲಿಗೆ 15 ಸಲ ಲೆಕ್ಕ ಹಾಕಿ, ಒಂದಕ್ಕೆ 15 ಇನ್ನೊಂದಕ್ಕೆ 20 ಆಗಬಾರದು. ಬುಡದ ದುಂಡನ್ನ ಮುಟ್ಟೋ ಹಾಗಿಲ್ಲ. ಆಮೇಲೆ ಗೋಡೆಗೆ ಹೊಡೆದ ಮೊಳೆಗೆ ನೇತುಹಾಕಿ ಬಿಡೋದು, ಯಾವಾಗಲೂ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅದು ಭಾರ ಇದೆ ಅಂತ, ಅದಕ್ಕೆ ಇನ್ನೆರಡು ಸಲ ಅರ.

ಭಾವ ಒಂದು ದಿನ ಆನ್‌ಲೈನಲ್ಲಿ ತರಿಸಿದ ಚೈನ್ ಬ್ಲೇಡ್ ತಂದು ತೋರಿಸಿದ್ರು, ನಡುವೆ ತಟ್ಟೆ, ಸುತ್ತ ಚೈನಿನ ತುಂಡು ನೇತಾಡೋದು, ಲಂಟಾನಕ್ಕೆ ಭಾರೀ ಒಳ್ಳೇದಂತೆ ಅಂದ್ರು. ಯುರೋಪಲ್ಲಿ 2012ರಲ್ಲೇ ಈ ಥರದ್ದನ್ನ ಬ್ರಷ್ ಕಟ್ಟರಿಗೆ ಮಾರೋದು ನಿಷೇಧ ಮಾಡಿದಾರೆ, ಚೈನಿನ ಕೊಂಡಿ ಹಾರಿ ಒಬ್ಬರು ಸತ್ತಿದ್ದಕ್ಕೆ. ಹಂಡೆ ತೋರಿಸಿದೆ. ಭಾವ ಚೈನ್ ವಾಪಸ್ ಬ್ಯಾಗಿಗೆ ಹಾಕ್ಕೊಂಡ್ರು, ಆದ್ರೆ ಬಿಸಾಕಿಲ್ಲ, ನನಗೆ ಗೊತ್ತು.

ಆಗಸ್ಟ್ 16, 17. ಹೊಡೆಯೋದು ಕಲಿತಿದ್ದು

ನಾಲ್ಕು ವರ್ಷ ಆದಮೇಲೆ ಕಲಿತೆ ಅಂತ ಬರೀತಿದೀನಿ ನೋಡಿ.

ಬ್ಯಾಣದ ಅಂಚಲ್ಲಿ ಲಂಟಾನದ ಹಳೇ ಮೋಟು, ಹೆಬ್ಬೆರಳಿಗಿಂತ ದಪ್ಪ. ಮೂರು ಹಲ್ಲಿನ ಬ್ಲೇಡಲ್ಲಿ, ಬಲಗಡೆ ಅಂಚು ತಾಗೋ ಹಂಗೆ ಹೋದೆ. ಮಷಿನ್ನು ಒದ್ದಂಗೆ ಬಲಕ್ಕೆ ಹಿಂದಕ್ಕೆ ಎಗರಿ ನನ್ನನ್ನ ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿತು. ಸೈಕಲ್ ಹ್ಯಾಂಡಲ್ ಥರದ ಹಿಡಿ ಇರೋದಕ್ಕೆ, ಬೆಲ್ಟ್ ಕಟ್ಟಿದ್ದಕ್ಕೆ ಬ್ಲೇಡು ಕಾಲಿಗೆ ಬರಲಿಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ದಿದ್ರೆ ಅವರ ಕಾಲು.

ಬ್ಲೇಡನ್ನ ಗಡಿಯಾರ ಅಂದ್ಕೊಳ್ಳಿ, ನಿಮ್ಮ ಎದುರಿಗೆ ನೇರ 12 ಗಂಟೆ. 12ರಿಂದ 3ರ ಮಧ್ಯದ ಭಾಗ ಗಟ್ಟಿ ವಸ್ತುವಿಗೆ ತಾಗಿದ್ರೆ ಒದೆಯುತ್ತೆ. 8ರಿಂದ 11ರ ಮಧ್ಯದ ಎಡಭಾಗದಲ್ಲಿ ಕಡೀಬೇಕು. ಅದಕ್ಕೆ ಕತ್ತರಿಸೋ ಬೀಸು ಬಲದಿಂದ ಎಡಕ್ಕೆ, ವಾಪಸ್ ಬರೋವಾಗ ಕಡಿಯೋದು ಬೇಡ, ಖಾಲಿ ಬರೋದು, ಒಂದು ಹೆಜ್ಜೆ ಮುಂದೆ, ಮತ್ತೆ ಬೀಸು. ನಾನು ಇಷ್ಟು ವರ್ಷ ಎರಡೂ ಕಡೆ ಪೊರಕೆ ಥರ ಗುಡಿಸ್ತಿದ್ದೆ. ಒಂದು ದಿನ ಕಷ್ಟ ಆಯ್ತು, ಎರಡನೇ ದಿನ ಸೊಂಟ ತಾನಾಗೇ ತಿರುಗ್ತು. ಬಲದಿಂದ ಎಡಕ್ಕೆ ಹೊಡೆದ್ರೆ ಕತ್ತರಿಸಿದ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತೆ, ಮುಂದಿನ ಹುಲ್ಲಿನ ಮೇಲೆ ಬೀಳಲ್ಲ, ಇದು ಲಾಭ.

ಎರಡೂ ಹೆಗಲಿಗೆ ಬರೋ ಬೆಲ್ಟ್ 550 ಕೊಟ್ಟು ತಂದೆ, ಮೊದಲು ಒಂದೇ ಹೆಗಲಿಂದು ಇತ್ತು. ಕೈ ಬಿಟ್ಟರೂ ಬ್ಲೇಡು ನೆಲದಿಂದ ನಾಲ್ಕು ಬೆರಳು ಮೇಲೆ ತಾನೇ ತೂಗೋ ಹಂಗೆ ಕೊಕ್ಕೆ ಜಾಗ ಸರಿಸಿಕೊಳ್ಳಬೇಕು. ಬೆಲ್ಟಲ್ಲಿ ಒಂದು ಎಳೆದ್ರೆ ಮಷಿನ್ ಕಳಚಿ ಬೀಳೋ ಪಟ್ಟಿ ಇರುತ್ತೆ, ಬೆಂಕಿ ಹತ್ತಿದ್ರೆ, ಜೇನು ಎದ್ದರೆ ಬೇಕಾಗುತ್ತೆ. ಅಂಗಳದಲ್ಲಿ ಇಂಜಿನ್ ಆಫ್ ಮಾಡಿ ಐದಾರು ಸಲ ಎಳೆದು ರೂಢಿ ಮಾಡ್ಕೊಂಡೆ, ಮೊದಲ ಸಲ ಪಟ್ಟಿ ಎಲ್ಲಿದೆ ಅಂತ ಹುಡುಕೋಕೇ ಹತ್ತು ಸೆಕೆಂಡ್.

ಧರೆಯಲ್ಲಿ ಮೇಲೆ ಕೆಳಗೆ ಹತ್ತಿ ಇಳಿದು ಹೊಡೆಯೋದು ಬೇಡ, ಅಡ್ಡಕ್ಕೆ ನಡೀತಾ ಹೊಡೀಬೇಕು, ಅದೂ ಮಳೆ ಬಿಟ್ಟು ಒಂದು ಹೊತ್ತು ಆದಮೇಲೆ. ಬ್ಲೇಡ್ ಸೊಂಟಕ್ಕಿಂತ ಮೇಲೆ ಎತ್ತಿ ಬಳ್ಳಿ ಕಡಿಯೋ ಚಟ ನನಗಿತ್ತು, ಅದಕ್ಕೆ ಕತ್ತಿ ಇದೆ.

ತೋಟದೊಳಗೆ ಪೂರ್ತಿ ಬ್ಲೇಡ್ ಹಾಕಲ್ಲ ಈಗ. ಅಡಿಕೆ ಮರದಿಂದ ಎರಡಡಿ, ಮೆಣಸಿನ ಬಳ್ಳಿ ಇರೋ ಕಡೆ ಅದಕ್ಕೂ ಜಾಸ್ತಿ ದೂರ ಬಿಟ್ಟು ಬುಡ ಕೈಯಲ್ಲೇ ಕತ್ತಿಯಿಂದ. ಬಸಿಗಾಲುವೆ ಅಂಚು, ಕಲ್ಲಿರೋ ಜಾಗ ನೈಲಾನ್ ದಾರ. ದಾರ ಮೆತ್ತಗಿದೆ ಅಂತ ಸಸಿ ಹತ್ರ ಹೋಗಬೇಡಿ, ಎಳೇ ಅಡಿಕೆ ಸಸಿ ಬುಡ ಸುಲಿದು ಹಾಕುತ್ತೆ, ನಂದು ಮೂರು ಸಸಿ ಹೋಯ್ತು. ಡ್ರಿಪ್ ಪೈಪ್ ಕಥೆ ಬೇರೆ, 11 ಕಡೆ ಕಡಿದಿದೀನಿ, ಈಗ ಹೊಡೆಯೋಕೆ ಮುಂಚೆ ಒಂದು ಸುತ್ತು ನಡೆದು ಪೈಪ್ ಎತ್ತಿ ಮರದ ಬುಡಕ್ಕೆ ಸರಿಸಿ, ಕಲ್ಲು, ತೆಂಗಿನ ಚಿಪ್ಪು, ತಂತಿ ಆರಿಸಿ ಹಾಕ್ತೀನಿ. ಅರ್ಧ ಗಂಟೆ ಹೋಗುತ್ತೆ, ಹೋಗಲಿ.

ಬ್ಯಾಣವನ್ನ ಡಿಸೆಂಬರ್ ನಂತರ ಹೊಡೆಯೋರಿಗೆ ಉಣುಗಿನ ಕಾಟ, ಉಣುಗಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ. ಉಣುಗು ಕಚ್ಚದಿರೋ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದಮೇಲೆ ಬಟ್ಟೆ ಬಿಸಿನೀರಿಗೆ.

ಆಗಸ್ಟ್ 24. ಮುಗೀತು, ಎತ್ತಿಟ್ಟಿದ್ದು

27ಕ್ಕೆ ಚೌತಿ, 24ಕ್ಕೆ ತೋಟ ಮುಗೀತು. ಒಂದು ಟ್ಯಾಂಕು ಖಾಲಿ ಆದಮೇಲೆ ಕಡ್ಡಾಯ ವಿರಾಮ, ಇಲ್ಲದಿದ್ರೆ ರಾತ್ರಿ ಬೆರಳು ಜೋಮು ಹಿಡಿದು ಲೋಟ ಎತ್ತೋಕಾಗಲ್ಲ. ವಿರಾಮದಲ್ಲಿ ಇಂಜಿನ್ ಆರಲಿ ಅಂತ ಹತ್ತು ನಿಮಿಷ ಬಿಟ್ಟೇ ಪೆಟ್ರೋಲ್ ಹಾಕೋದು, ಹಾಕಿದ ಜಾಗದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಸ್ಟಾರ್ಟ್.

ಎತ್ತಿಡೋಕೆ ಮುಂಚೆ ಈ ಸಲ: ಟ್ಯಾಂಕ್ ಖಾಲಿ ಮಾಡಿ, ಉಳಿದಿದ್ದು ಸುಟ್ಟು ತಾನೇ ಆಫ್ ಆಗೋವರೆಗೂ ಓಡಿಸಿದೆ. ಏರ್ ಫಿಲ್ಟರ್ ಸ್ಪಂಜು ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕಿದೆ. ಸೈಲೆನ್ಸರ್ ಸುತ್ತ, ಗಾರ್ಡ್ ಒಳಗೆ ಮೆತ್ತಿದ ಹುಲ್ಲು ಕಡ್ಡಿಯಲ್ಲಿ ಕೆರೆದು ತೆಗೆದೆ. ಬ್ಲೇಡ್ ಬಿಚ್ಚಿ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ.

ಖರ್ಚು: ಮೇಲೆ ಹೇಳಿದ್ದೆಲ್ಲಾ, ಗ್ರೀಸ್ ಟ್ಯೂಬ್ 110 ಸೇರಿ 4,900 ರೂ. ಸಾಗರಕ್ಕೆ ಓಡಾಡಿದ ಬೈಕ್ ಪೆಟ್ರೋಲ್ ಬೇರೆ. ಇದರಲ್ಲಿ ಕಾರ್ಬೊರೇಟರ್, ಗೇರ್ ಬಾಕ್ಸ್, ನಟ್ ಸೆಟ್ ಸೇರಿ 1,550 ನನ್ನ ಅವಸರದ ದಂಡ. ಹಂಡೆ ಲೆಕ್ಕಕ್ಕೆ ಹಿಡಿದಿಲ್ಲ, ಗುಣಿ ತೆಗೆಸೋಕೆ ಕೇಳಬೇಕು.

ಬಾಕಿ ಇರೋದು: ಸ್ಟಾರ್ಟರ್ ಹಗ್ಗ ಹಿಡಿ ಹತ್ರ ಎಳೆ ಬಿಟ್ಟಿದೆ, ನವೆಂಬರಲ್ಲಿ ಮತ್ತೆ ತೆಗೆಯೋಕೆ ಮುಂಚೆ ಬದಲಾಯಿಸಬೇಕು. ಒಳಗಿನ ಸುರುಳಿ ಸ್ಪ್ರಿಂಗ್ ಬಿಚ್ಚಿದಾಗ ಮುಖಕ್ಕೆ ಹಾರುತ್ತೆ ಅಂತ ಅಂಗಡಿಯವನು ಈಗಲೇ ಹೆದರಿಸಿದಾನೆ, ಯಾರಾದ್ರೂ ಮಾಡಿದವರಿದ್ರೆ ಯಾವ ಕಡೆಯಿಂದ ಬಿಚ್ಚಿದ್ರಿ ಹೇಳಿ.